ಠಾಣೆಗೂ ಸರ್ಕಾರಿ ವಕೀಲರಿಗೂ ನಡುವೆ ಕೇಸು ಬಿದ್ದುಹೋಗುವುದು ಎಲ್ಲಿ?

ಕೊನೆಭಾಗದ ರೈತ, ಕೊಪ್ಪಳ ಜಿಲ್ಲೆ

ಪೊಲೀಸರು ಮತ್ತು ಸರ್ಕಾರಿ ವಕೀಲರು ಸೇರಿ ಕೂತು ಕೇಸು ತಯಾರು ಮಾಡುತ್ತಾರಾ? ಇಲ್ಲ, ಒಬ್ಬರು ಕಟ್ಟು ಕಟ್ಟಿ ಇನ್ನೊಬ್ಬರ ಮೇಜಿನ ಮೇಲೆ ಇಟ್ಟು ಹೋಗುತ್ತಾರಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೊನೆಭಾಗದಲ್ಲಿ ನಮ್ಮ ಹೊಲ. ನೀರಿನ ಪಾಳಿ ವಿಷಯಕ್ಕೆ ಜಗಳವಾಗಿ ನಮ್ಮ ಅಣ್ಣನ ಮುಂಗೈಗೆ ಕೊಡಲಿ ಏಟು ಬಿತ್ತು. ಮೂಳೆ ಮುರಿಯಿತು. ಆಗಿನ್ನೂ ಹಳೆಯ ಐಪಿಸಿ ಇತ್ತು, 326 ಹಾಕಿದರು. ಜೆಎಂಎಫ್‌ಸಿ (ಮೊದಲ ದರ್ಜೆಯ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು, ಈಗ ಆರೋಪಿಗಳು ಬಿಡುಗಡೆಯಾಗಿದ್ದಾರೆ.

ತೀರ್ಪನ್ನು ಒಬ್ಬರ ಕೈಲಿ ಓದಿಸಿಕೊಂಡೆ. ಅದರಲ್ಲಿ ಅಣ್ಣ ಸುಳ್ಳು ಹೇಳಿದ ಅಂತ ಎಲ್ಲೂ ಇಲ್ಲ. ಎಕ್ಸ್‌ರೇ ಫಿಲಂ ಕೋರ್ಟಿಗೆ ಬಂದಿಲ್ಲ. ಎಕ್ಸ್‌ರೇ ನೋಡಿದ ವೈದ್ಯರ ಹೆಸರು ಸಾಕ್ಷಿ ಪಟ್ಟಿಯಲ್ಲೇ ಇಲ್ಲ. ಕೊಡಲಿಯನ್ನು ಗಾಯ ನೋಡಿದ ವೈದ್ಯರಿಗೆ ತೋರಿಸಿ ಅಭಿಪ್ರಾಯ ಪಡೆದಿಲ್ಲ. ಕೊಡಲಿ ಸಿಕ್ಕ ಪಂಚನಾಮೆಗೆ ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರಿಬ್ಬರೂ ‘ಠಾಣೆಯಲ್ಲಿ ಸಹಿ ಮಾಡಿದೆವು, ಏನಂತ ಗೊತ್ತಿಲ್ಲ’ ಎಂದು ತಿರುಗಿಬಿದ್ದರು.

ಠಾಣೆಯಲ್ಲಿ ಕೇಳಿದರೆ ‘ನಾವು ಚಾರ್ಜ್‌ಶೀಟ್ ಹಾಕಿದ್ದೇವೆ, ನಡೆಸಬೇಕಾದವರು ವಕೀಲರು’ ಎಂದರು. ಸರ್ಕಾರಿ ವಕೀಲರು ‘ಫೈಲಿನಲ್ಲಿ ಇಲ್ಲದ್ದನ್ನು ನಾನು ಎಲ್ಲಿಂದ ತರಲಿ’ ಎಂದರು. ಇಬ್ಬರ ಮಾತೂ ನಿಜವೇ ಇರಬಹುದು. ಆದರೆ ಅಣ್ಣನ ಕೈ ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ವಕೀಲೆ, ರಾಯಚೂರು

ನಿಮ್ಮ ಅಣ್ಣನ ಕೇಸಿನಲ್ಲಿ ಆದದ್ದು ನಾನು ರಾಯಚೂರು, ಮಾನ್ವಿ, ಸಿಂಧನೂರು ಕೋರ್ಟುಗಳಲ್ಲಿ ಮತ್ತೆ ಮತ್ತೆ ನೋಡುವ ಸಂಗತಿ. ನಾನು ಹೆಚ್ಚಾಗಿ ಆರೋಪಿಗಳ ಪರ ನಿಲ್ಲುವವಳು, ಹಾಗಾಗಿ ಫೈಲಿನ ತೂತುಗಳು ನನಗೆ ಬೇಗ ಕಾಣುತ್ತವೆ.

326ರಲ್ಲಿ ‘ತೀವ್ರ ಗಾಯ’ ಎಂದು ಸಾಬೀತಾಗಬೇಕು. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಆದರೆ ಮುರಿದಿದೆ ಎಂದು ಕೋರ್ಟಿಗೆ ತೋರಿಸುವುದು ಎಕ್ಸ್‌ರೇ ಮತ್ತು ಅದನ್ನು ಓದಿದ ವೈದ್ಯರು. ಗಾಯದ ಪ್ರಮಾಣಪತ್ರದಲ್ಲಿ ಒಂದು ಸಾಲು ಬರೆದಿದ್ದರೆ ಸಾಲದು. ಇದು ಯಾವ ಎಪಿಪಿಗಾದರೂ (ಸಹಾಯಕ ಸರ್ಕಾರಿ ವಕೀಲರಿಗೆ) ಫೈಲು ತೆರೆದ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ತೆರೆದದ್ದು ಯಾವಾಗ ಎಂಬುದೇ ಪ್ರಶ್ನೆ. ಚಾರ್ಜ್‌ಶೀಟ್ ಹಾಕುವ ಮೊದಲು ತೆರೆದಿದ್ದರೆ ಒಂದು ಪತ್ರದಲ್ಲಿ ಮುಗಿಯುವ ಕೆಲಸ. ಸಾಕ್ಷಿ ವಿಚಾರಣೆಯ ದಿನ ತೆರೆದರೆ ಆಸ್ಪತ್ರೆಯಲ್ಲಿ ಫಿಲಂ ಸಿಗುವುದೂ ಕಷ್ಟ.

ಹಾಗಂತ ಕೋರ್ಟಿನ ಹಂತದಲ್ಲಿ ದಾರಿಯೇ ಇರಲಿಲ್ಲ ಎನ್ನಲು ಆಗದು. ಕೇಸು ನಡೆಸುವ ಕ್ರಮ ಹೇಳುವ ಕಾಯ್ದೆಯಲ್ಲೇ ಅದಕ್ಕೆ ಕಲಂ ಇದೆ: ಹಳೆಯ ಸಿಆರ್‌ಪಿಸಿ 311, ಅದರ ಬದಲಿಗೆ ಬಂದ ಈಗಿನ ಬಿಎನ್‌ಎಸ್‌ಎಸ್ 348. ಪಟ್ಟಿಯಲ್ಲಿ ಇಲ್ಲದ ಸಾಕ್ಷಿಯನ್ನೂ ಕರೆಸಿ ಎಂದು ಸರ್ಕಾರಿ ವಕೀಲರು ಅರ್ಜಿ ಹಾಕಬಹುದಿತ್ತು. ಫೈಲಿನಲ್ಲಿ ಇಲ್ಲ ಎಂದು ಕೈಚೆಲ್ಲಿದ್ದು ನನಗೆ ಒಪ್ಪಿಗೆಯಿಲ್ಲ.

ನಿವೃತ್ತ ಪಿಎಸ್‌ಐ, ಬಳ್ಳಾರಿ

ರೈತಣ್ಣ, ನಿಮಗಾದ ನೋವು ಅರ್ಥವಾಗುತ್ತದೆ. ಠಾಣೆಯ ಒಳಗಿನ ಸ್ಥಿತಿಯನ್ನೂ ಸ್ವಲ್ಪ ಕೇಳಿ.

ತನಿಖೆಗೆ ಅಂತಲೇ ಬೇರೆ ಜನ ನಮ್ಮ ತಾಲ್ಲೂಕು ಠಾಣೆಗಳಲ್ಲಿ ಇರುವುದು ಕಡಿಮೆ. ಬೆಳಿಗ್ಗೆ ಪಂಚನಾಮೆ ಬರೆದವನೇ ಮಧ್ಯಾಹ್ನ ಬಂದೋಬಸ್ತಿಗೆ ಹೋಗಬೇಕು. ಜನವರಿಯಲ್ಲಿ ಗವಿಮಠದ ಜಾತ್ರೆ, ಆಮೇಲೆ ಹಂಪಿ ಉತ್ಸವ, ಅಂಜನಾದ್ರಿಗೆ ಹನುಮ ಮಾಲೆಯವರು, ನಡುವೆ ಚುನಾವಣೆ. ಕೇಸು ಕಾಯಬಹುದು, ಬಂದೋಬಸ್ತು ಕಾಯುವುದಿಲ್ಲ ಎಂಬ ಲೆಕ್ಕ ಮೇಲಿನಿಂದಲೇ ಬರುತ್ತದೆ. ಇದರ ನಡುವೆ ವರ್ಗಾವಣೆ. ಒಬ್ಬ ಎಫ್‌ಐಆರ್ ಮಾಡುತ್ತಾನೆ, ಇನ್ನೊಬ್ಬ ಹೇಳಿಕೆ ಬರೆದುಕೊಳ್ಳುತ್ತಾನೆ, ಮೂರನೆಯವನು ಚಾರ್ಜ್‌ಶೀಟಿಗೆ ಸಹಿ ಹಾಕುತ್ತಾನೆ. ಸಾಕ್ಷಿ ಹೇಳುವ ಹೊತ್ತಿಗೆ ಮೂವರೂ ಬೇರೆ ಬೇರೆ ಜಿಲ್ಲೆಯಲ್ಲಿ.

ಆರೋಪಿ ಜೈಲಿನಲ್ಲಿದ್ದರೆ ಗಡಿಯಾರ ಬೇರೆ ಓಡುತ್ತಿರುತ್ತದೆ. ಮರಣದಂಡನೆ, ಜೀವಾವಧಿ, ಅಥವಾ 10 ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದದ್ದಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಹೋಗದಿದ್ದರೆ ಜಾಮೀನು ಅವನ ಹಕ್ಕು. ಎಲ್ಲಾ ಎಸ್‌ಪಿಗಳೂ ಕೇಳುವ ಮೊದಲ ಪ್ರಶ್ನೆ ‘ಚಾರ್ಜ್‌ಶೀಟ್ ಹೋಯಿತಾ’. ‘ಗಟ್ಟಿಯಾಗಿದೆಯಾ’ ಎಂದು ಕೇಳುವವರು ಕಡಿಮೆ. ನಾನು ಇಲಾಖೆಯನ್ನು ಗೌರವಿಸುತ್ತೇನೆ, ಅದಕ್ಕೇ ಇದನ್ನು ನೇರವಾಗಿ ಹೇಳುತ್ತಿದ್ದೇನೆ.

ಪಂಚರ ವಿಷಯ. ಸರ್ಕಾರಿ ನೌಕರರನ್ನು ಕರೆದರೆ ‘ಕೋರ್ಟಿಗೆ ಯಾರು ಅಲೆಯುತ್ತಾರೆ ಸಾಹೇಬರೇ’ ಎಂದು ತಪ್ಪಿಸಿಕೊಳ್ಳುತ್ತಾರೆ. ಊರಿನವರು ಊರಿನಲ್ಲೇ ಬಾಳಬೇಕಲ್ಲ, ಅವರಿಗೂ ಭಯ. ಕೊನೆಗೆ ಠಾಣೆ ಮುಂದಿನ ಚಹಾದಂಗಡಿಯವನು ಪಂಚನಾಗುತ್ತಾನೆ. ಅದೇ ಹೆಸರು ಐದಾರು ಕೇಸಿನಲ್ಲಿ ಬಂದರೆ ಆರೋಪಿ ಪರ ವಕೀಲರು ಬಿಡುತ್ತಾರಾ? ವಕೀಲೆ ಅಕ್ಕನವರೇ ಹೇಳಲಿ.

ವಕೀಲೆ, ರಾಯಚೂರು

ಬಿಡುವುದಿಲ್ಲ ಸರ್. ಬಿಡಲೂಬಾರದು. ಆದರೆ ಈಗ ಬಿಎನ್‌ಎಸ್‌ಎಸ್ 105ರಲ್ಲಿ ಶೋಧನೆ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂದಿದೆ. ಸರಿಯಾಗಿ ಮಾಡಿದರೆ ಪಂಚ ತಿರುಗಿಬಿದ್ದರೂ ಜಪ್ತಿ ಉಳಿಯುತ್ತದೆ.

ಕಾನೂನು ವಿದ್ಯಾರ್ಥಿ, ಬಳ್ಳಾರಿ

ಪೊಲೀಸರು, ಸರ್ಕಾರಿ ವಕೀಲರು ಮೊದಲೇ ಸೇರಿ ಕೂತಿದ್ದರೆ ಚೆನ್ನಿತ್ತು ಎಂಬ ಧ್ವನಿ ಇಲ್ಲಿ ಕೇಳುತ್ತಿದೆ. ನನಗೆ ಅಳುಕಿದೆ.

ಒಂದು ಕಾಲಕ್ಕೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪೊಲೀಸ್ ಅಧಿಕಾರಿಗಳೇ ಕೇಸು ನಡೆಸುತ್ತಿದ್ದರು. ತನಿಖೆ ಮಾಡಿದವರ ಇಲಾಖೆಯೇ ವಾದವನ್ನೂ ಮಾಡಬಾರದು, ಎರಡನ್ನೂ ಬೇರ್ಪಡಿಸಿ ಎಂದು ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿ ಹೇಳಿತು. 1973ರ ಸಿಆರ್‌ಪಿಸಿ ಬಂದ ಮೇಲೂ ಕೆಲವು ಕಡೆ ಹಳೆಯ ರೂಢಿ ಮುಂದುವರಿಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ಎಪಿಪಿಗಳನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬಿಡಿಸಿ ಪ್ರತ್ಯೇಕ ವೃಂದ ಮಾಡಿ ಎಂದು ನಿರ್ದೇಶನ ಕೊಡಬೇಕಾಯಿತು. ಅಷ್ಟು ಕಷ್ಟಪಟ್ಟು ಬೇರ್ಪಡಿಸಿದ್ದನ್ನು ಈಗ ‘ಸಮನ್ವಯ’ದ ಹೆಸರಿನಲ್ಲಿ ಮತ್ತೆ ಕೂಡಿಸುವುದಾ?

2000ದಲ್ಲಿ ಆರ್. ಸರಳಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿದೆ. ಸರ್ಕಾರಿ ವಕೀಲರ ಅಭಿಪ್ರಾಯ ಪಡೆದು ಚಾರ್ಜ್‌ಶೀಟ್ ಹಾಕಿ ಎಂದು ತನಿಖಾಧಿಕಾರಿಯನ್ನು ಕೋರ್ಟ್ ಕೂಡ ಕಟ್ಟಿಹಾಕುವಂತಿಲ್ಲ. ಯಾರ ಮೇಲೆ, ಯಾವ ಕಲಮಿನಲ್ಲಿ ಎಂಬ ತೀರ್ಮಾನ ಐಒನದು, ಅಂದರೆ ತನಿಖಾಧಿಕಾರಿಯದು. ಸರ್ಕಾರಿ ವಕೀಲರ ಕೆಲಸ ಶುರುವಾಗುವುದು ಕೋರ್ಟಿನಲ್ಲಿ. 1999ರ ಶಿವಕುಮಾರ್ ಪ್ರಕರಣದಲ್ಲಿ, ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದು ಸರ್ಕಾರಿ ವಕೀಲರ ಕೆಲಸವಲ್ಲ ಎಂದೂ ಹೇಳಿದೆ. ಠಾಣೆಯಲ್ಲಿ ಕೂತು ಕೇಸು ಕಟ್ಟಿದವರು ಆಮೇಲೆ ಕೋರ್ಟಿನಲ್ಲಿ ‘ಈ ಆರೋಪಿಯ ಮೇಲೆ ಸಾಕ್ಷ್ಯವಿಲ್ಲ’ ಎಂದು ಹೇಳುವ ಧೈರ್ಯ ಮಾಡುತ್ತಾರಾ?

ಮಾಜಿ ಎಪಿಪಿ, ಕೊಪ್ಪಳ

ತಮ್ಮಾ, ನಿನ್ನ ಪ್ರಶ್ನೆ ಚೆನ್ನಾಗಿದೆ. ಈ ಕೆಲಸದಲ್ಲೇ ಇದ್ದವನಾಗಿ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಸರಳಾ ತೀರ್ಪು ಹೇಳಿದ್ದು ಯಾರು ತೀರ್ಮಾನ ಮಾಡಬೇಕು ಎಂಬುದನ್ನು. ಮಾತಾಡಬಾರದು ಎಂದು ಅದು ಹೇಳಲಿಲ್ಲ. 2014ರ ಜನವರಿಯಲ್ಲಿ ಬಂದ ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ತೀರ್ಪನ್ನೂ ಅದರ ಜೊತೆ ಓದಬೇಕು. ಒಂದು ಎಳೆಯ ಮಗುವಿನ ಮೇಲೆ ಅತ್ಯಾಚಾರ ಮಾಡಿ ಕೊಂದ ಕೇಸು ಅದು. ತನಿಖೆಯ ಲೋಪ ಮತ್ತು ಕೇಸನ್ನು ಕೋರ್ಟಿನಲ್ಲಿ ನಡೆಸಿದ ರೀತಿಯಿಂದಾಗಿ ಆರೋಪಿಯನ್ನು ಬಿಡಬೇಕಾಗಿ ಬಂತು. ಅಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ತನಿಖೆ ಮುಗಿದ ಮೇಲೆ ಅಭಿಯೋಜನಾ ವಿಭಾಗ, ಅಂದರೆ ಸರ್ಕಾರಿ ವಕೀಲರ ವಿಭಾಗ, ಸ್ವತಂತ್ರವಾಗಿ ಯೋಚಿಸಿ, ಕೊರತೆಗಳನ್ನು ಸರಿಪಡಿಸಲು ಹೇಳಬೇಕು, ಬೇಕಾದರೆ ಹೆಚ್ಚಿನ ತನಿಖೆ ಕೇಳಬೇಕು. ಪ್ರತಿ ರಾಜ್ಯದಲ್ಲೂ ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಯ ಹಿರಿಯರ ಸ್ಥಾಯಿ ಸಮಿತಿ ಇರಬೇಕು, ಬಿಡುಗಡೆಯಾದ ಕೇಸುಗಳನ್ನೆಲ್ಲ ಅದು ನೋಡಬೇಕು, ಎಲ್ಲಿ ತಪ್ಪಿತು ಎಂದು ಬರೆದಿಡಬೇಕು, ಅದರಿಂದ ತರಬೇತಿಯ ಪಾಠ ಮಾಡಬೇಕು. ತಪ್ಪು ಮಾಡಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮವೂ ಆಗಬೇಕು.

ಈಗ ಬಿಎನ್‌ಎಸ್‌ಎಸ್. 2024ರ ಜುಲೈ 1ರಿಂದ ಜಾರಿ. ಅದರ 20ನೇ ಕಲಂ ಅಭಿಯೋಜನಾ ನಿರ್ದೇಶನಾಲಯದ್ದು. 7 ವರ್ಷದಿಂದ 10 ವರ್ಷದೊಳಗಿನ ಶಿಕ್ಷೆಯ ಕೇಸುಗಳಲ್ಲಿ ಉಪ ನಿರ್ದೇಶಕರು ಪೊಲೀಸ್ ವರದಿಯನ್ನು ಪರಿಶೀಲಿಸಬೇಕು ಎಂದು ಬರೆದೇ ಇದೆ. 10 ವರ್ಷ ಮತ್ತು ಮೇಲಿನದನ್ನು ನಿರ್ದೇಶಕರು, 7 ವರ್ಷಕ್ಕಿಂತ ಕಡಿಮೆಯದನ್ನು ಸಹಾಯಕ ನಿರ್ದೇಶಕರು ಗಮನಿಸಬೇಕು. ಅಂದರೆ ನೋಡುವ ಅಧಿಕಾರ ಅಭಿಯೋಜಕರಿಗೆ, ತೀರ್ಮಾನದ ಅಧಿಕಾರ ಐಒಗೆ. ಎರಡೂ ಒಟ್ಟಿಗೆ ಇರಲು ಸಾಧ್ಯ.

ಇನ್ನು ನಿಜವಾಗಿ ಏನಾಗುತ್ತದೆ ಅಂದರೆ, ಕರಡು ಚಾರ್ಜ್‌ಶೀಟ್ ಪರಿಶೀಲನೆಗೆ ಬರುತ್ತದೆ. ಆದರೆ ಬರುವುದು ಗಡುವಿಗೆ ಒಂದೆರಡು ದಿನ ಇರುವಾಗ. ಹೊತ್ತು ತರುವವರು ಕೋರ್ಟ್ ಡ್ಯೂಟಿಯ ಪಿಸಿ (ಪೊಲೀಸ್ ಪೇದೆ). ಅವರಿಗೆ ಆ ಕೇಸಿನ ಬಗ್ಗೆ ಏನೂ ಗೊತ್ತಿರುವುದಿಲ್ಲ, ‘ಸಾಹೇಬರು ಇವತ್ತೇ ಸಹಿ ತರಲು ಹೇಳಿದ್ದಾರೆ’ ಎನ್ನುತ್ತಾರೆ. ಆಕ್ಷೇಪಣೆ ಬರೆದು ವಾಪಸ್ ಕಳಿಸಿದರೆ ಆರೋಪಿಗೆ ಜಾಮೀನು ಸಿಗುತ್ತದೆ, ತಪ್ಪು ನಮ್ಮ ತಲೆಗೆ. ಬರೆಯದೆ ಬಿಟ್ಟರೆ ಕೇಸು ಬೀಳುತ್ತದೆ. ಇದೇ ಜಾಗದಲ್ಲಿ ನಿಮ್ಮ ಅಣ್ಣನಂಥವರ ಕೇಸು ಸೋರಿಹೋಗುವುದು, ರೈತರೇ. ನಾನು ಬೇಡಿಕೊಳ್ಳುವುದು ಇಷ್ಟೇ: ಫೈಲು ಬೇಗ ಬರಲಿ, ಐಒ ತಾನೇ ತರಲಿ, ಅಭಿಯೋಜಕರು ಹೇಳುವುದನ್ನು ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆಯಲಿ. ಬರೆದ ಮಾತಿಗೆ ಇಬ್ಬರೂ ಜವಾಬ್ದಾರರು. ಐಒ ಒಪ್ಪದಿದ್ದರೆ ಯಾಕೆ ಎಂದು ಅವನೂ ಬರೆಯಲಿ. ಆಗ ತಮ್ಮನ ಅಳುಕಿಗೂ ಉತ್ತರ ಸಿಗುತ್ತದೆ. ಬಾಗಿಲು ಹಾಕಿಕೊಂಡು ಮಾತಾಡಿಕೊಂಡರು ಅನ್ನುವ ಅನುಮಾನ ಉಳಿಯುವುದಿಲ್ಲ.

ನಿವೃತ್ತ ಪಿಎಸ್‌ಐ, ಬಳ್ಳಾರಿ

ಎಪಿಪಿ ಸಾಹೇಬರ ಮಾತು ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ. ಆಕ್ಷೇಪಣೆ ಬರೆಯುವಾಗ ‘ಸಾಕ್ಷ್ಯ ಸಾಲದು, ಸರಿಪಡಿಸಿ’ ಎಂದು ಒಂದೇ ಸಾಲು ಬರೆದು ಕಳಿಸುವವರೂ ಇದ್ದಾರೆ. ಏನು ಸಾಲದು? ‘ರೇಡಿಯಾಲಜಿಸ್ಟ್ ಹೇಳಿಕೆ ಪಡೆಯಿರಿ, ಫಿಲಂ ಜಪ್ತಿ ಮಾಡಿ, ಆಯುಧವನ್ನು ವೈದ್ಯರಿಗೆ ತೋರಿಸಿ’ ಎಂದು ಬರೆದರೆ ಹೊಸ ಪಿಎಸ್‌ಐ ಕೂಡ ಮಾಡಿ ಮುಗಿಸುತ್ತಾನೆ.

ದೇವದುರ್ಗದವಳು

ನಮ್ಮ ಕಡೆ ಮರಳು ಕೇಸುಗಳ ಬಗ್ಗೆ ಯಾರಾದರೂ ಹೇಳಿ. ಕೃಷ್ಣಾ ನದಿಯ ದಂಡೆಯಿಂದ ರಾತ್ರಿಯಿಡೀ ಟ್ರ್ಯಾಕ್ಟರ್, ಟಿಪ್ಪರ್ ಓಡುತ್ತವೆ. ಹಿಡಿಯುತ್ತಾರೆ, ಠಾಣೆ ಮುಂದೆ ನಿಲ್ಲಿಸುತ್ತಾರೆ, ಕೆಲವು ದಿನಕ್ಕೆ ಗಾಡಿಯೂ ಹೋಗುತ್ತದೆ, ಕೇಸೂ ಹೋಗುತ್ತದೆ. ಜನ ಎಲ್ಲದಕ್ಕೂ ಲಂಚ ಎನ್ನುತ್ತಾರೆ. ಅಷ್ಟೇನಾ?

ವಕೀಲೆ, ರಾಯಚೂರು

ಎಲ್ಲಾ ಕೇಸೂ ಹಾಗೆ ಹೋಗುವುದಿಲ್ಲ ಅಕ್ಕಾ. ಮರಳು ಕೇಸು ಬೀಳುವುದಕ್ಕೆ ಕಾನೂನಿನದೇ ಒಂದು ದೊಡ್ಡ ಕಾರಣ ಇದೆ. ಪೊಲೀಸರು, ಅಭಿಯೋಜಕರು ಮೊದಲ ವಾರದಲ್ಲೇ ಮಾತಾಡಿಕೊಂಡರೆ ಅದನ್ನು ತಪ್ಪಿಸಬಹುದು.

ಗಣಿ ಮತ್ತು ಖನಿಜ ಕಾಯ್ದೆ 1957ರ 22ನೇ ಕಲಂ ಪ್ರಕಾರ, ಆ ಕಾಯ್ದೆಯ ಅಪರಾಧವನ್ನು ಕೋರ್ಟ್ ಕೈಗೆತ್ತಿಕೊಳ್ಳಬೇಕಾದರೆ ಅಧಿಕಾರ ಪಡೆದ ಅಧಿಕಾರಿ ಲಿಖಿತ ದೂರು ಕೊಡಬೇಕು. ಪೊಲೀಸ್ ಚಾರ್ಜ್‌ಶೀಟ್ ಸಾಲದು. ಆದರೆ ನದಿಯಿಂದ ಮರಳು ಕದಿಯುವುದು ಸರ್ಕಾರಿ ಆಸ್ತಿಯ ಕಳ್ಳತನ ಕೂಡ ಹೌದು. ಅದಕ್ಕೆ ಪೊಲೀಸರೇ ಎಫ್‌ಐಆರ್ ಮಾಡಿ ಚಾರ್ಜ್‌ಶೀಟ್ ಹಾಕಬಹುದು. 2014ರಲ್ಲಿ ದೆಹಲಿ ಸರ್ಕಾರ ಮತ್ತು ಸಂಜಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಆಗ ಐಪಿಸಿ 379, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್ 303.

ಹಾಗಾದರೆ ಒಂದೇ ಘಟನೆಗೆ ಎರಡು ದಾರಿ. ಒಂದು ಪೊಲೀಸರದು, ಇನ್ನೊಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಪಿಎಸ್‌ಐ ಎರಡನ್ನೂ ಒಂದೇ ಚಾರ್ಜ್‌ಶೀಟಿನಲ್ಲಿ ತುರುಕಿದರೆ, ಗಣಿ ಕಾಯ್ದೆಯ ಭಾಗ ಹೈಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆ ಕಾಯ್ದೆಯ ಕಲಂ ಮಾತ್ರ ಹಾಕಿ ಕಳ್ಳತನ ಬಿಟ್ಟಿದ್ದರೆ ಇಡೀ ಕೇಸೇ ಹೋಯಿತು. ನಾವು ಕಲಬುರಗಿ ಪೀಠಕ್ಕೆ, ಬಳ್ಳಾರಿ ಕೊಪ್ಪಳದವರು ಧಾರವಾಡ ಪೀಠಕ್ಕೆ ಹೋಗಿ ರದ್ದತಿ ಕೇಳುವುದು ಇಂಥ ಅಂಶದ ಮೇಲೆ. ಆ ಮರಳು ಯಾವ ಜಾಗದ್ದು, ಸರ್ಕಾರದ್ದೇನಾ, ಪರವಾನಗಿ ಇತ್ತಾ ಎಂದು ಗಣಿ ಇಲಾಖೆಯಿಂದ ಪತ್ರ ತರಿಸಿ ಫೈಲಿಗೆ ಸೇರಿಸದಿದ್ದರೆ ಕಳ್ಳತನವೂ ಸಾಬೀತಾಗದು.

ಕ್ಯಾಮೆರಾ ಅಂಗಡಿ, ಸಿಂಧನೂರು

ನಾನು ಸಿಸಿಟಿವಿ ಹಾಕಿಕೊಡುವವನು. ಪೊಲೀಸರು ಅಂಗಡಿಗಳಿಗೆ ಬಂದು ಪೆನ್‌ಡ್ರೈವಿನಲ್ಲಿ ಕಾಪಿ ಮಾಡಿಕೊಂಡು ಹೋಗುತ್ತಾರೆ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ. ಚಿಕ್ಕ ಡಿಸ್ಕ್ ಇದ್ದರೆ ಕೆಲವೇ ದಿನದಲ್ಲಿ ಹಳೆಯದು ಹೋಗಿಬಿಡುತ್ತದೆ. ವರ್ಷ ಕಳೆದ ಮೇಲೆ ಒಬ್ಬರು ಬಂದು ‘ಒಂದು ಸರ್ಟಿಫಿಕೇಟಿಗೆ ಸಹಿ ಹಾಕು’ ಎನ್ನುತ್ತಾರೆ. ಮೂಲವೇ ಇಲ್ಲದಿರುವಾಗ ನಾನು ಏನಂತ ಸಹಿ ಹಾಕಲಿ? ಹಾಕದಿದ್ದರೆ ಏನಾಗುತ್ತದೆ?

ಮಾಜಿ ಎಪಿಪಿ, ಕೊಪ್ಪಳ

ಗೊತ್ತಿಲ್ಲದ್ದಕ್ಕೆ ಸಹಿ ಹಾಕಬೇಡಿ. ಅದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ. ಕಾಪಿ ಮಾಡಿದ ವಿಡಿಯೊವನ್ನು ಸಾಕ್ಷ್ಯ ಎಂದು ಒಪ್ಪಲು ಅದು ಬೇಕೇ ಬೇಕು ಎಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಅದಕ್ಕೆ ಎರಡು ಭಾಗ. ಒಂದಕ್ಕೆ ಸಾಧನ ನೋಡಿಕೊಳ್ಳುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನಿಂದಲೇ ಲೆಕ್ಕಹಾಕಿ ತೆಗೆಯುವ ಗುರುತಿನ ಸಂಖ್ಯೆ) ಬರೆಯಬೇಕು. ಕಾಪಿ ಮಾಡಿದ ದಿನವೇ ಹ್ಯಾಶ್ ತೆಗೆದು ಬರೆದಿಟ್ಟರೆ ಆಮೇಲೆ ಒಂದು ಚೂರು ಬದಲಾದರೂ ಗೊತ್ತಾಗುತ್ತದೆ.

ನಾನು ಕಂಡಂತೆ ಈಗ ಜಾಸ್ತಿ ಕೇಸು ಸಡಿಲವಾಗುವುದು ಇಲ್ಲೇ. ಕಣ್ಣಿನಿಂದ ಕಂಡ ಸಾಕ್ಷಿ ತಿರುಗಿಬೀಳುತ್ತಾನೆ, ವಿಡಿಯೊ ತಿರುಗಿಬೀಳುವುದಿಲ್ಲ. ಅಂಥ ವಿಡಿಯೊವನ್ನು ಒಂದು ಕಾಗದ ಇಲ್ಲದ ಕಾರಣಕ್ಕೆ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪೆನ್‌ಡ್ರೈವ್ ತೆಗೆದುಕೊಂಡು ಹೋಗುವ ದಿನವೇ ಐಒ ಒಂದು ಫೋನು ಮಾಡಿ ‘ಸರ್, ಇದಕ್ಕೆ ಏನೇನು ಬೇಕು’ ಎಂದು ಕೇಳಲಿ. ಅಭಿಯೋಜಕರು ಆ ಫೋನು ಎತ್ತಲಿ.

ಕಾನೂನು ವಿದ್ಯಾರ್ಥಿ, ಬಳ್ಳಾರಿ

ಬರೆದಿಡುವ ಮಾತು ನನಗೆ ಹಿಡಿಸಿತು ಸರ್. ಆದರೂ ಒಂದು ಗೆರೆ ಬೇಕು. ಸಾಕ್ಷಿ ಏನು ಹೇಳಬೇಕು ಎಂದು ಇಬ್ಬರೂ ಸೇರಿ ಕಲಿಸಬಾರದು. ಆರೋಪಿಗೆ ಅನುಕೂಲವಾದ ಕಾಗದ ಸಿಕ್ಕರೆ ಅದನ್ನು ಫೈಲಿನಿಂದ ತೆಗೆಯಬಾರದು.

ಮಾಜಿ ಎಪಿಪಿ, ಕೊಪ್ಪಳ

ಆ ಗೆರೆ ದಾಟಿದವರು ನನ್ನ ದೃಷ್ಟಿಯಲ್ಲಿ ಅಭಿಯೋಜಕರೇ ಅಲ್ಲ. ಸಾಕ್ಷಿಗೆ ತನ್ನ ಹಳೆಯ ಹೇಳಿಕೆ ಓದಲು ಕೊಡುವುದು, ಕೋರ್ಟು ಹೇಗಿರುತ್ತದೆ ಎಂದು ಧೈರ್ಯ ಹೇಳುವುದು ಬೇರೆ. ಮಾತು ಬಾಯಿಗೆ ಹಾಕುವುದು ಬೇರೆ.

ಗಂಗಾವತಿ ಕಡೆಯವ

ನಮ್ಮ ತಾಲ್ಲೂಕಿನ ಮರಕುಂಬಿಯ ವಿಷಯ ಇಲ್ಲಿ ಬರಲೇಬೇಕು. 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ಆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ 5 ವರ್ಷದ ಶಿಕ್ಷೆ ಕೊಟ್ಟಿತು. ಆಮೇಲೆ ಅದು ಹೈಕೋರ್ಟಿಗೂ ಹೋಯಿತು. 10 ವರ್ಷ ಕಾದ ಜನ ಅವರು. ಅಷ್ಟು ಮಂದಿ ಆರೋಪಿಗಳಿರುವ ಕೇಸನ್ನು ಹೇಗೆ ನಡೆಸುತ್ತಾರೆ?

ವಕೀಲೆ, ರಾಯಚೂರು

ಗುಂಪು ದಾಳಿಯ ಕೇಸು ಎಲ್ಲಕ್ಕಿಂತ ಕಷ್ಟ. 1964ರ ಮಸಾಲ್ತಿ ತೀರ್ಪಿನಿಂದಲೂ ಕೋರ್ಟುಗಳು ಒಂದು ಎಚ್ಚರ ಇಟ್ಟುಕೊಂಡಿವೆ: ದೊಡ್ಡ ಗುಂಪಿನಲ್ಲಿ ಒಬ್ಬ ಆರೋಪಿಯನ್ನು ಕನಿಷ್ಠ ಎರಡು ಮೂರು ಸಾಕ್ಷಿಗಳು ಒಂದೇ ರೀತಿ ಗುರುತಿಸಿದ್ದಾರಾ ಎಂದು ನೋಡುತ್ತವೆ. ಹಾಗಾಗಿ ಪ್ರತಿ ಆರೋಪಿಯ ಹೆಸರಿನ ಮುಂದೆ ಯಾವ ಸಾಕ್ಷಿ, ಎಲ್ಲಿ ಕಂಡರು, ಕೈಯಲ್ಲಿ ಏನಿತ್ತು, ಮೊದಲ ಹೇಳಿಕೆಯಲ್ಲೇ ಹೆಸರು ಬಂದಿದೆಯಾ ಎಂದು ಪಟ್ಟಿ ಬೇಕು. ಈ ಪಟ್ಟಿಯನ್ನು ತನಿಖೆಯ ಹೊತ್ತಿನಲ್ಲೇ ಮಾಡಬೇಕು. ಎಲ್ಲರ ಹೇಳಿಕೆಯೂ ಒಂದೇ ಅಚ್ಚಿನಲ್ಲಿ ಟೈಪಾಗಿದ್ದರೆ ನಮ್ಮಂಥವರು ಅದನ್ನೇ ಹಿಡಿಯುತ್ತೇವೆ.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸನ್ನು ಡಿವೈಎಸ್‌ಪಿ ಮಟ್ಟಕ್ಕಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂದು 1995ರ ನಿಯಮ 7ರಲ್ಲಿದೆ. ಆ ಕೇಸುಗಳಿಗೆ ವಿಶೇಷ ಸರ್ಕಾರಿ ವಕೀಲರೂ ಇರುತ್ತಾರೆ. ಅಂದರೆ ಇಬ್ಬರೂ ಯಾರು ಎಂದು ಮೊದಲ ದಿನವೇ ಗೊತ್ತಿರುತ್ತದೆ. ಕೊನೆಯ ವಾರದವರೆಗೆ ಕಾಯಲು ಅಲ್ಲಿ ನೆಪವೇ ಇಲ್ಲ.

ಕೊನೆಭಾಗದ ರೈತ, ಕೊಪ್ಪಳ ಜಿಲ್ಲೆ

ಎಲ್ಲರಿಗೂ ಧನ್ಯವಾದ. ಇಷ್ಟು ವರ್ಷ ಯಾರೂ ಹೀಗೆ ಕೂರಿಸಿ ಹೇಳಿರಲಿಲ್ಲ. ಒಂದು ಪ್ರಶ್ನೆ ಉಳಿದಿದೆ. ಇವರಿಬ್ಬರೂ ಮಾತಾಡಿಕೊಳ್ಳುತ್ತಾರೋ ಬಿಡುತ್ತಾರೋ, ಏಟು ತಿಂದವರು ಏನು ಮಾಡಬಹುದು? ಅಣ್ಣನ ಕೇಸಿನಲ್ಲಿ ಇನ್ನೂ ದಾರಿ ಇದೆಯಾ?

ವಕೀಲೆ, ರಾಯಚೂರು

ಇದೆ ಅಣ್ಣಾ. ಬಿಡುಗಡೆಯ ವಿರುದ್ಧ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಹಳೆಯ ಸಿಆರ್‌ಪಿಸಿಯಲ್ಲಿ 372, ಈಗ ಬಿಎನ್‌ಎಸ್‌ಎಸ್ 413. ಜೆಎಂಎಫ್‌ಸಿ ತೀರ್ಪಾದ್ದರಿಂದ ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ಸರ್ಕಾರ ಹಾಕಲಿ ಎಂದು ಕಾಯುತ್ತ ಕೂರಬೇಡಿ, ತಡವಾದಷ್ಟೂ ತೊಂದರೆ. ಮೇಲ್ಮನವಿ ಕೋರ್ಟ್ ಹೆಚ್ಚುವರಿ ಸಾಕ್ಷ್ಯ ಪಡೆಯಲೂ ಅವಕಾಶ ಇದೆ, ಈಗ 432ನೇ ಕಲಂ. ಲೋಪ ತುಂಬಿಸಲು ಅಂತ ಅದನ್ನು ಸುಲಭವಾಗಿ ಕೊಡುವುದಿಲ್ಲ. ಆದರೆ ಆಸ್ಪತ್ರೆಯ ದಾಖಲೆ ಆಗಲೇ ಇತ್ತು, ಪೊಲೀಸರು ತರಲಿಲ್ಲ ಎಂದು ತೋರಿಸಲು ಸಾಧ್ಯವಾದರೆ ಕೇಳಿನೋಡಬೇಕು.

ಇನ್ನು ಈಗ ಕೇಸು ಶುರುವಾಗುವವರಿಗೆ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕು ಎಂದು ಬಿಎನ್‌ಎಸ್‌ಎಸ್ 193ರಲ್ಲಿದೆ. ಬಾಯಿಮಾತಿಗೆ ಒಪ್ಪದೆ ಬರೆಸಿಕೊಳ್ಳಿ. ಅಭಿಯೋಜಕರಿಗೆ ಸಹಾಯ ಮಾಡಲು ಸ್ವಂತ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟಿನ ಅನುಮತಿ ಕೇಳಬಹುದು. ವಕೀಲರಿದ್ದರೆ 230ನೇ ಕಲಮಿನಲ್ಲಿ ಚಾರ್ಜ್‌ಶೀಟಿನ ಪ್ರತಿಯೂ ಸಿಗುತ್ತದೆ. ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಪ್ರತಿ ಕೈಗೆ ಬಂದ ದಿನವೇ ಸಾಕ್ಷಿ ಪಟ್ಟಿ ಓದಿ. ವೈದ್ಯರ ಹೆಸರು ಇಲ್ಲದಿದ್ದರೆ ಅಂದೇ ಅರ್ಜಿ ಕೊಡಿ. ಹೆಚ್ಚಿನ ತನಿಖೆಗೆ ದಾರಿ ತೆರೆದೇ ಇರುತ್ತದೆ. ವಿಚಾರಣೆ ಶುರುವಾದ ಮೇಲಾದರೆ ಕೋರ್ಟಿನ ಅನುಮತಿ ಬೇಕು, 90 ದಿನದಲ್ಲಿ ಮುಗಿಸಬೇಕು.

ನಿವೃತ್ತ ಪಿಎಸ್‌ಐ, ಬಳ್ಳಾರಿ

ರೈತಣ್ಣ, ಮೊದಲು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಹೋಗಿ ಎಕ್ಸ್‌ರೇ ರಿಜಿಸ್ಟರಿನ ನಂಬರಿಗೆ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಫಿಲಂ ಇಲ್ಲದಿದ್ದರೂ ರಿಜಿಸ್ಟರಿನಲ್ಲಿ ನಮೂದು ಇರುತ್ತದೆ. ಅದನ್ನು ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ.

ಕೊನೆಭಾಗದ ರೈತ, ಕೊಪ್ಪಳ ಜಿಲ್ಲೆ

ಸೋಮವಾರ ಆಸ್ಪತ್ರೆಗೆ ಹೋಗುತ್ತೇನೆ ಸರ್. ಅರ್ಜಿಯಲ್ಲಿ ಏನು ಬರೆಯಬೇಕು ಎಂದು ಅಷ್ಟರೊಳಗೆ ಒಂದು ಮಾದರಿ ಹಾಕಿ, ನಮ್ಮೂರಿನ ಇನ್ನಿಬ್ಬರಿಗೂ ಬೇಕಿದೆ.